ಕಂಬಳದ ಹೊಸ ದರ್ಜೆಗಳು

ನಿಟ್ಟೂರಿನಿಂದ ನಾಗೋಡಿಯ ಘಟ್ಟವನ್ನಿಳಿದು ಕೊಲ್ಲೂರಿನ ಮಾರ್ಗವಾಗಿ ಕಡಲ ಸೀಮೆಗೆ ಹೋಗುವವರಿಗೆ, ಕೊಯ್ಲು ಮುಗಿದ ದಿನಗಳಲ್ಲಿ ಕಂಬಳದ ಮಾತು ಕಿವಿಗೆ ಬೀಳದೆ ಇರದು. ವಂಡಾರು, ತಗ್ಗರ್ಸೆಗಳ ಸಾಂಪ್ರದಾಯಿಕ ಕಂಬಳಗಳನ್ನೂ, ಇನ್ನೂ ತೆಂಕಣಕ್ಕೆ ಮೂಡಬಿದಿರೆ, ಮಿಯಾರು, ಪುತ್ತೂರುಗಳ ಜೋಡುಕರೆ ಕಂಬಳಗಳನ್ನೂ ನೋಡಿ ಬಂದ ನಮ್ಮ ಘಟ್ಟದ ತರುಣರು, ತಾವೂ ಒಂದು ಜೊತೆ ಕೋಣ ಕಟ್ಟಬೇಕೆಂದು ಹಂಬಲಿಸುವುದು ಸಹಜವೇ. ಆ ಹಂಬಲಕ್ಕೆ ತಗಲುವ ವೆಚ್ಚವೆಷ್ಟೆಂಬುದನ್ನು ಮಹಾಜನರು ಇಂದು ವಿಚಾರಿಸಬೇಕಾಗಿದೆ.

ಜೋಡುಕರೆ ಕಂಬಳದಲ್ಲಿ ವಾಡಿಕೆಯಾಗಿ ಆರು ದರ್ಜೆಗಳುಂಟು: ಕನೆ ಹಲಗೆ, ಅಡ್ಡ ಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಕನೆ ಹಲಗೆಯಲ್ಲಿ ವೇಗಕ್ಕಿಂತ ನೀರು ಚಿಮ್ಮುವ ಎತ್ತರವೇ ಮುಖ್ಯ. ಮೇಲೆ ಕಟ್ಟಿದ ನಿಶಾನೆಗೆ ನೀರು ಮುಟ್ಟಬೇಕು. ಹಗ್ಗ, ನೇಗಿಲುಗಳಲ್ಲಿ ವೇಗವೇ ಸರ್ವಸ್ವ. ಇವುಗಳ ಜೊತೆಗೆ ಈಚಿನ ವರ್ಷಗಳಲ್ಲಿ ಎಳೆಯ ಕೋಣಗಳಿಗಾಗಿ ಸಬ್ ಜೂನಿಯರ್ ಎಂಬ ಹೊಸ ದರ್ಜೆಯೂ ಕೆಲವೆಡೆ ಬಂದಿದೆ.

ಹೊಸ ದರ್ಜೆಯ ಆಕರ್ಷಣೆಯನ್ನು ನಾವು ಅಲ್ಲಗಳೆಯುವವರಲ್ಲ. ಹೆಸರಾಂತ ಮನೆತನಗಳ ಪಳಗಿದ ಕೋಣಗಳೊಡನೆ ಸಣ್ಣ ಒಕ್ಕಲಿನವನ ಕೋಣ ಓಡಿ ಗೆಲ್ಲುವುದು ದುಸ್ತರ. ಸಮಾನರೊಡನೆ ಸ್ಪರ್ಧಿಸುವ ಅವಕಾಶ ದೊರೆತರೆ ಅವನಿಗೂ ಪದಕದ ಆಸೆ ಹುಟ್ಟುತ್ತದೆ. ಹೊಸ ಓಟಗಾರನು ಪಳಗುತ್ತಾನೆ. 2020ರಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದ ಸುದ್ದಿ ದೇಶವಿದೇಶಗಳಿಗೆ ಮುಟ್ಟಿತು. ಅಂಥ ಓಟಗಾರರು ಒಂದೇ ದಿನದಲ್ಲಿ ಹುಟ್ಟಿ ಬರುವುದಿಲ್ಲ. ಕಿರಿಯರಿಗೆ ಕರೆ ಬೇಕು.

ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನು ನೋಡೋಣ. ಹಿಂದೆ ಕೋಣವು ವರ್ಷವೆಲ್ಲ ಗದ್ದೆ ಉತ್ತು, ಒಂದು ದಿನ ಓಡುತ್ತಿತ್ತು. ಅದರ ಮೇವಿನ ವೆಚ್ಚವನ್ನು ದುಡಿಮೆಯೇ ತೀರಿಸುತ್ತಿತ್ತು. ಈಗ ಉಳುವುದು ಟಿಲ್ಲರು. ಓಟದ ಕೋಣ ಓಟಕ್ಕಾಗಿಯೇ ಬದುಕುತ್ತದೆ. ಅದಕ್ಕೆ ಬೇಯಿಸಿದ ಹುರುಳಿ, ಮೈಗೆ ಎಣ್ಣೆ, ನೋಡಿಕೊಳ್ಳುವ ಆಳು, ಊರಿಂದೂರಿಗೆ ಸಾಗಿಸುವ ಲಾರಿ, ಓಟಗಾರನ ಸಂಭಾವನೆ ಎಲ್ಲವೂ ಬೇಕು. ಅನೇಕ ಕಂಬಳಗಳಲ್ಲಿ ಹಿರಿಯ ದರ್ಜೆಯ ಪ್ರಥಮ ಬಹುಮಾನ 2 ಪವನು ಚಿನ್ನ, ದ್ವಿತೀಯಕ್ಕೆ 1 ಪವನು. ಕಿರಿಯರಿಗೆ ಅದಕ್ಕಿಂತ ಕಡಿಮೆ. ಗೆದ್ದವನಿಗೂ ವರ್ಷದ ವೆಚ್ಚ ಇದರಿಂದ ತುಂಬದು. ಸೋತವನ ಪಾಡನ್ನು ಹೇಳುವುದೇನು?

ದರ್ಜೆಯೊಂದು ಹೆಚ್ಚಿದರೆ ಕೀರ್ತಿಕಾಮಿಯಾದ ಯಜಮಾನನಿಗೆ ಇನ್ನೊಂದು ಜೊತೆ ಕೋಣ ಬೇಕಾಗುತ್ತದೆ. ಬಡವನಿಗಾಗಿ ತೆರೆದ ಬಾಗಿಲಿನಿಂದ ಸಿರಿವಂತನೇ ಮೊದಲು ಒಳಹೊಕ್ಕರೆ ಸುಧಾರಣೆಯ ಉದ್ದೇಶ ಕೆಡುವುದು. ಅಲ್ಲದೆ, ಹಗಲಿರುಳು ನಡೆದು ಮರುದಿನಕ್ಕೂ ಹಬ್ಬುವ ಕೂಟಗಳು ಇನ್ನಷ್ಟು ದೀರ್ಘವಾಗುವುವು. ಸರದಿ ಕಾದು ನಿಂತ ಮೂಕಪ್ರಾಣಿಗಳ ಬಳಲಿಕೆ ಹೆಚ್ಚುವುದು.

ಇದು ಅಲಕ್ಷಿಸತಕ್ಕ ಮಾತಲ್ಲ. 2014ರ ಮೇ 7ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತರುವಾಯ ಕಂಬಳವು ಸಂಕಟಕ್ಕೊಳಗಾಯಿತು. 2016ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ತಡೆಯಿತು. ಜನರ ಹೋರಾಟದಿಂದ 2017ರಲ್ಲಿ ಕಾನೂನು ತಿದ್ದುಪಡಿಯಾಯಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠ ಅದನ್ನು ಎತ್ತಿಹಿಡಿಯಿತು. ಪ್ರಾಣಿಗಳಿಗೆ ಅನವಶ್ಯಕ ಹಿಂಸೆಯಾಗಕೂಡದೆಂಬ ಕಟ್ಟಳೆಯ ಮೇಲೆಯೇ ಈ ಅನುಮತಿ ನಿಂತಿದೆ. ಎಳೆಯ ಕೋಣಗಳ ಬೆನ್ನಮೇಲೆ ಬಾರುಕೋಲಿನ ಬಾಸುಂಡೆ ಕಂಡರೆ ಗಳಿಸಿದುದನ್ನು ಕೈಯಾರೆ ಕಳೆದುಕೊಂಡಂತೆ.

ಆದುದರಿಂದ ಕಂಬಳ ಸಮಿತಿಗಳಿಗೆ ನಮ್ಮ ಸೂಚನೆಗಳಿಷ್ಟು. ಎಳೆಯ ಕೋಣಗಳ ಓಟ ಪ್ರತ್ಯೇಕ ದಿನ, ಹಗಲಿನಲ್ಲಿಯೇ ಮುಗಿಯಲಿ. ಅವುಗಳ ಹಲ್ಲು, ಪ್ರಾಯಗಳನ್ನು ಪಶುವೈದ್ಯರು ಪರೀಕ್ಷಿಸಲಿ. ಹಿರಿಯ ದರ್ಜೆಯಲ್ಲಿ ಕೋಣ ಓಡಿಸುವ ಯಜಮಾನನಿಗೆ ಹೊಸ ದರ್ಜೆಯಲ್ಲಿ ಸ್ಥಳವಿರದಿರಲಿ. ಚಿನ್ನದ ತೂಕ ಏರಿಸುವ ಬದಲು, ಭಾಗವಹಿಸಿದ ಪ್ರತಿ ಸಣ್ಣ ಒಕ್ಕಲಿಗನಿಗೂ ಸಾಗಾಟದ ವೆಚ್ಚ ಕೊಡಲಿ.

ನಮ್ಮ ತರುಣರಿಗೂ ಒಂದು ಮಾತು. ಸಾಲದಿಂದ ಕಟ್ಟಿದ ಕೋಣ ಕರೆಯಲ್ಲಿ ಎಷ್ಟೇ ಓಡಿದರೂ ಬಡ್ಡಿಯನ್ನು ಮೀರಿ ಓಡಲಾರದು. ಹತ್ತು ಮನೆಯವರು ಕೂಡಿ ಒಂದು ಜೊತೆ ಕಟ್ಟಿದರೆ ವೆಚ್ಚವೂ ಹಂಚಿಹೋಗುವುದು, ಗೆಲುವೂ ಊರಿನದಾಗುವುದು. ಕಂಬಳ ಹುಟ್ಟಿದುದು ಊರಿನ ಗದ್ದೆಯಲ್ಲಿ. ಅದು ಊರಿನವರ ಕೈಯಲ್ಲಿಯೇ ಉಳಿಯಲೆಂದು ನಾವು ಹಾರೈಸುತ್ತೇವೆ.