ಕಾಂಪೌಂಡಿನ ಆಚೆಗೂ ಹರಿಯುವ ಹೊಣೆ

ಅಣೆಕಟ್ಟಿನಿಂದ ನೀರು ಬಿಡಿ ಎಂದು ರೈತರು ಬೀದಿಗಿಳಿಯುವುದು ಕಾವೇರಿ ಸೀಮೆಯವರಿಗೆ ಹೊಸದಲ್ಲ. ಆದರೆ ಅದೇ ಕಾವೇರಿಯ ಉಪನದಿಯೊಂದರ ದಂಡೆಯಲ್ಲಿ, ನೀರು ಬಿಡಬೇಡಿ ಎಂದು ಅಂಗಲಾಚಿದ ರೈತರೂ ಇದ್ದಾರೆ. ತಮಿಳುನಾಡಿನ ತಿರುಪ್ಪೂರಿನಿಂದ ಕೆಳಗೆ, ನೊಯ್ಯಲ್ ನದಿಗೆ ಅಡ್ಡಲಾಗಿ ಒರತ್ತುಪಾಳಯಂ ಅಣೆಕಟ್ಟು ಕಟ್ಟಿ ಮುಗಿಸಿದ್ದು 1992ರಲ್ಲಿ. ಈರೋಡ್ ಮತ್ತು ಕರೂರು ಭಾಗದ ಹೊಲಗಳಿಗೆ ನೀರುಣಿಸಲೆಂದು ಕಟ್ಟಿದ ಆ ಜಲಾಶಯ ಕೆಲವೇ ವರ್ಷಗಳಲ್ಲಿ ತಿರುಪ್ಪೂರಿನ ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಕೊಳೆನೀರು ತುಂಬುವ ಹೊಂಡವಾಯಿತು. ಮೀನು ಸತ್ತು ತೇಲಿದವು. ಸುತ್ತಲಿನ ಬಾವಿಗಳ ನೀರು ಉಪ್ಪಾಯಿತು. ಹಾಯಿಸಿದರೆ ಹೊಲವೇ ಕೆಡುತ್ತದೆ ಎಂದು ಗೊತ್ತಾದ ಮೇಲೆ, ತೂಬು ತೆರೆಯಬೇಡಿ ಎಂದು ಕೆಳಗಿನ ಹಳ್ಳಿಯವರೇ ಕೇಳಿಕೊಂಡರು.

ಅಲ್ಲಿನ ಮಾಲೀಕರಲ್ಲಿ ಯಾರೂ ಅಣೆಕಟ್ಟು ಕೆಡಿಸಬೇಕೆಂದು ಹೊರಟವರಲ್ಲ. ಪ್ರತಿಯೊಬ್ಬರೂ ತಮ್ಮ ತೊಟ್ಟಿಯ ನೀರನ್ನು ತಮ್ಮ ಮುಂದಿನ ಮೋರಿಗೆ ಬಿಟ್ಟರು, ಅಷ್ಟೇ. ಆ ಮೋರಿ ಎಲ್ಲಿಗೆ ಹೋಗುತ್ತದೆ, ಅದರ ತುದಿಯಲ್ಲಿ ಯಾರಿದ್ದಾರೆ ಎಂಬುದು ಯಾರ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ. ಉದ್ಯಮದ ನೀರಿನ ಜವಾಬ್ದಾರಿ ಎಂಬ ಮಾತು ಶುರುವಾಗಬೇಕಾದದ್ದು ಇಲ್ಲಿಂದಲೇ.

ಉಪ್ಪಿನ ಲೆಕ್ಕ

ಹತ್ತಿಬಟ್ಟೆಗೆ ಬಣ್ಣ ಹಿಡಿಸಲು ಉಪ್ಪು ಬೇಕು. ನೀರಿನಲ್ಲಿ ಕರಗಿದ ಬಣ್ಣ ನೂಲಿನತ್ತ ಸರಿದು ಕೂರಬೇಕಾದರೆ ಒಂದು ಲೀಟರ್ ನೀರಿಗೆ ಸುಮಾರು 40ರಿಂದ 80 ಗ್ರಾಂನಷ್ಟು ಉಪ್ಪು ಹಾಕುತ್ತಾರೆ. ಬಣ್ಣದ ಬಹುಪಾಲು ಬಟ್ಟೆಯಲ್ಲಿ ಉಳಿಯುತ್ತದೆ. ಉಪ್ಪು ಮಾತ್ರ ಒಂದಿಷ್ಟೂ ಉಳಿಯುವುದಿಲ್ಲ, ಅಷ್ಟೂ ನೀರಿನೊಡನೆ ಹೊರಗೆ ಹೋಗುತ್ತದೆ. ಮಾಮೂಲಿ ಶುದ್ಧೀಕರಣ ಘಟಕ ಕೊಳೆಯನ್ನೂ ಒಂದಿಷ್ಟು ಬಣ್ಣವನ್ನೂ ತೆಗೆಯಬಲ್ಲದು, ಕರಗಿದ ಉಪ್ಪನ್ನು ತೆಗೆಯಲಾರದು. ಹಾಗಾಗಿ ನೋಡುವುದಕ್ಕೆ ತಿಳಿಯಾಗಿದ್ದ ನೀರು ಕೂಡ ನೊಯ್ಯಲ್ ಕೆಳದಂಡೆಯ ಮಣ್ಣನ್ನು ಕೆಡಿಸುತ್ತಲೇ ಹೋಯಿತು.

ನದಿದಂಡೆಯ ರೈತರು ನ್ಯಾಯಾಲಯದ ಮೆಟ್ಟಿಲೇರಿದರು. ಒಂದು ಹನಿ ತ್ಯಾಜ್ಯನೀರೂ ಹೊರಗೆ ಹೋಗಬಾರದು ಎಂದು 2006ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಅದು ಪಾಲನೆಯಾಗದೆ ಹೋದಾಗ, 2011ರ ಜನವರಿಯಲ್ಲಿ ಏಳುನೂರಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಿಸುವ ಆದೇಶ ಬಂತು. ದೇಶದ ಹೆಣೆದ ಉಡುಪಿನ ರಫ್ತಿಗೆ ರಾಜಧಾನಿಯಂತಿದ್ದ ಊರಿನಲ್ಲಿ ಬಣ್ಣದ ಕೆಲಸ ನಿಂತುಹೋಯಿತು. ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು.

ಆಮೇಲೆ ನಡೆದದ್ದೇ ತಿರುಪ್ಪೂರನ್ನು ಪಾಠವಾಗಿಸಿದ್ದು. ಹಲವು ಘಟಕಗಳು ಸೇರಿ ಸಾಮೂಹಿಕ ಶುದ್ಧೀಕರಣ ಘಟಕಗಳನ್ನು ಮೇಲ್ದರ್ಜೆಗೇರಿಸಿದವು. ಅಲ್ಲಿ ತ್ಯಾಜ್ಯನೀರಿನ ಕೊಳೆಯನ್ನು ಮೊದಲು ಸೂಕ್ಷ್ಮಜೀವಿಗಳು ತಿನ್ನುತ್ತವೆ. ನಂತರ ಆರ್‌ಒ ಪೊರೆಗಳ ಮೂಲಕ ಹಾಯಿಸಿದಾಗ ಬಹುಪಾಲು ಶುದ್ಧ ನೀರಾಗಿ ಮತ್ತೆ ಡೈಯಿಂಗ್ ತೊಟ್ಟಿಗೇ ಹೋಗುತ್ತದೆ. ಉಳಿಯುವ ಕಟು ಉಪ್ಪುನೀರಿನ ಬಣ್ಣ ತೆಗೆದು, ಅದನ್ನೇ ಮುಂದಿನ ಸುತ್ತಿನ ಬಣ್ಣಕ್ಕೆ ಬಳಸುತ್ತಾರೆ. ಕೆಲವು ಕಡೆ ಆವಿ ಮಾಡಿ ಉಪ್ಪನ್ನು ಹರಳಾಗಿ ತೆಗೆದು ಅದನ್ನೂ ಬಟ್ಟೆಗೇ ಹಾಕುತ್ತಾರೆ. ಮೋರಿ ಸೇರುತ್ತಿದ್ದ ಸರಕು ಹೀಗೆ ಗೋದಾಮು ಸೇರಿತು.

ಇದು ಪೂರ್ತಿ ಗೆಲುವೇನಲ್ಲ. ನೀರು ಆವಿ ಮಾಡಲು ಅಪಾರ ವಿದ್ಯುತ್ತು ಮತ್ತು ಉರುವಲು ಬೇಕು. ಮತ್ತೆ ಬಳಸಲಾಗದ ಮಿಶ್ರ ಉಪ್ಪು ಮತ್ತು ಕೆಸರನ್ನು ಎಲ್ಲಿ ಹಾಕುವುದೆಂಬ ತಲೆನೋವು ಉಳಿದಿದೆ. ಕೆಟ್ಟ ಅಂತರ್ಜಲ ಸರಿಹೋಗಲು ದಶಕಗಳೇ ಬೇಕು. ಆದರೂ, ಕೋರ್ಟು ಬಾಗಿಲು ಮುಚ್ಚಿಸುವ ಮುಂಚೆ ಆಗಲಾರದು ಎನ್ನುತ್ತಿದ್ದ ಕೆಲಸ, ಮುಚ್ಚಿಸಿದ ಮೇಲೆ ಆಯಿತು. ಕಾಯ್ದು ಕೂತದ್ದರ ಬೆಲೆ ತೆತ್ತವರು ಹೊಲದವರು ಮತ್ತು ಕೂಲಿಯವರು.

ಇಂಥ ಕಥೆ ಕರ್ನಾಟಕಕ್ಕೂ ಗೊತ್ತು. ಹರಿಹರದ ಬಳಿ ತುಂಗಭದ್ರೆ ಸೇರುತ್ತಿದ್ದ ಕಾರ್ಖಾನೆ ತ್ಯಾಜ್ಯದ ವಿರುದ್ಧ 1980ರ ದಶಕದಲ್ಲಿ ನದಿದಂಡೆಯ ಹಳ್ಳಿಗಳೂ ಧಾರವಾಡದ ಸಮಾಜ ಪರಿವರ್ತನ ಸಮುದಾಯವೂ ದೊಡ್ಡ ಹೋರಾಟ ನಡೆಸಿದ್ದವು.

ಐದು ಪ್ರಶ್ನೆಗಳು

ಉದ್ಯಮವೊಂದು ನೀರಿನ ವಿಷಯದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಈಗ ಜಾಗತಿಕ ಮಾನದಂಡವೇ ಇದೆ. ಅಲಯನ್ಸ್ ಫಾರ್ ವಾಟರ್ ಸ್ಟುವರ್ಡ್‌ಶಿಪ್ ಎಂಬ ಸಂಸ್ಥೆ ಇದನ್ನು ಮೊದಲು 2014ರಲ್ಲಿ ಹೊರತಂದು, 2019ರಲ್ಲಿ ಪರಿಷ್ಕರಿಸಿತು. ಅದರ ತಿರುಳನ್ನು ಐದು ಪ್ರಶ್ನೆಗಳಾಗಿ ಹೇಳಬಹುದು. ಎಷ್ಟು ನೀರು ತೆಗೆಯುತ್ತೀರಿ, ಆ ಪ್ರದೇಶಕ್ಕೆ ಅದನ್ನು ತಾಳಿಕೊಳ್ಳುವ ಶಕ್ತಿ ಇದೆಯೇ? ಹೊರಬಿಡುವ ನೀರು ಹೇಗಿದೆ? ಸುತ್ತಲಿನ ಕೆರೆ, ಹಳ್ಳ, ಜೌಗುಪ್ರದೇಶಗಳ ಸ್ಥಿತಿ ಏನು? ಕೆಲಸಗಾರರಿಗೂ ನೆರೆಹೊರೆಯವರಿಗೂ ಕುಡಿಯುವ ನೀರು, ಶೌಚಾಲಯ ಇದೆಯೇ? ಈ ನಿರ್ಧಾರಗಳಲ್ಲಿ ಊರಿನವರಿಗೆ ಮಾತಿದೆಯೇ?

ಕೊನೆಯ ಪ್ರಶ್ನೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನು ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡ ತೋರಿಸಿತು. ಅಲ್ಲಿ 2000ದಲ್ಲಿ ಕೋಕಾ-ಕೋಲಾ ಘಟಕ ಶುರುವಾಯಿತು. ಬಾವಿಗಳ ನೀರು ಇಳಿಯಿತು, ಕೆಟ್ಟಿತು ಎಂದು 2002ರಲ್ಲಿ ಆದಿವಾಸಿ ಹೆಂಗಸರು ಗೇಟಿನ ಮುಂದೆ ಧರಣಿ ಕೂತರು. ಕಂಪನಿ ಆರೋಪ ಒಪ್ಪಲಿಲ್ಲ. ಪೆರುಮಾಟ್ಟಿ ಪಂಚಾಯಿತಿ ಮಾತ್ರ ಪರವಾನಗಿ ನವೀಕರಿಸಲು ನಿರಾಕರಿಸಿತು. 2004ರ ಮಾರ್ಚ್‌ನಲ್ಲಿ ನಿಂತ ಘಟಕ ಮತ್ತೆ ಬಾಟಲಿ ತುಂಬಲಿಲ್ಲ. ಹಳ್ಳಿಯ ಒಪ್ಪಿಗೆ ಇಲ್ಲದ ಕಾರ್ಖಾನೆ, ಬಂಡವಾಳ ಎಷ್ಟೇ ಇದ್ದರೂ, ನಿಲ್ಲುವುದು ಕಷ್ಟ.

ಮೀಟರ್ ಇಲ್ಲದೆ ಲೆಕ್ಕವಿಲ್ಲ

ಬೆಂಗಳೂರಿಗೆ ಬರುವ ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಹತ್ತಿ ಬರುತ್ತದೆ. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಹಾಯಿಸಿದರೆ, ಕಟ್ಟಡ ಕಟ್ಟಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಘೋಷಿಸಿತು. ಹೋಟೆಲು, ಮಾಲು, ಕಚೇರಿಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯವಾಯಿತು. ನಲ್ಲಿಯ ಬಾಯಿಗೆ ಹಾಕುವ ಈ ಪುಟ್ಟ ಜಾಲರಿ ನೀರಿಗೆ ಗಾಳಿ ಬೆರೆಸಿ, ಕೈ ತೊಳೆಯಲು ಸಾಕಾಗುವಷ್ಟೇ ಧಾರೆ ಬಿಡುತ್ತದೆ. ಇಷ್ಟು ಸುಲಭದ, ಇಷ್ಟು ಅಗ್ಗದ ಕೆಲಸಕ್ಕೆ ಬರ ಬಂದು ಸುತ್ತೋಲೆ ಹೊರಡಿಸಬೇಕಾಯಿತು ಎಂಬುದೇ ಯೋಚಿಸಬೇಕಾದ ಸಂಗತಿ.

ಕಟ್ಟಡದೊಳಗಿನ ಉಳಿತಾಯ ಶುರುವಾಗುವುದು ಮೀಟರಿನಿಂದ. ಗೇಟಿನ ಬಳಿ ಒಂದೇ ಮೀಟರ್ ಇದ್ದರೆ ಸಾಲದು. ಅಡುಗೆಮನೆ, ಶೌಚಾಲಯ, ಕೂಲಿಂಗ್ ಟವರ್, ತೋಟ, ಬಾಯ್ಲರ್ ಹೀಗೆ ಒಂದೊಂದು ಕವಲಿಗೂ ಬೇರೆ ಮೀಟರ್ ಇರಬೇಕು. ರಾತ್ರಿ ಯಾರೂ ಇಲ್ಲದ ಹೊತ್ತಿನಲ್ಲೂ ಮುಳ್ಳು ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ದೊಡ್ಡ ಕಚೇರಿಗಳಲ್ಲಿ ಹವಾನಿಯಂತ್ರಣಕ್ಕೆ ಬೇಕಾಗುವ ಕೂಲಿಂಗ್ ಟವರ್ ಹೆಚ್ಚು ನೀರು ಕುಡಿಯುವ ಜಾಗಗಳಲ್ಲೊಂದು. ಅದಕ್ಕೆ ಚೆನ್ನಾಗಿ ಶುದ್ಧೀಕರಿಸಿದ ಬಳಸಿದ ನೀರು ಸಾಕು, ಕಾವೇರಿಯೇ ಬೇಕಿಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರು ಹೆಚ್ಚು ಕಡಿಮೆ ಬಟ್ಟಿ ಇಳಿಸಿದ ನೀರಿನಂತಿರುತ್ತದೆ. ಅದನ್ನೂ ಅಲ್ಲಿಗೇ ತಿರುಗಿಸಬಹುದು.

ಮಳೆಯ ಲೆಕ್ಕವನ್ನೂ ಹಾಕಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ ಎಂದು ಹಿಡಿದರೆ, 10,000 ಚದರ ಮೀಟರ್ ಸೂರಿರುವ ಗೋದಾಮಿನ ಮೇಲೆ 97 ಲಕ್ಷ ಲೀಟರ್ ನೀರು ಬೀಳುತ್ತದೆ. ಐದರಲ್ಲಿ ಒಂದು ಪಾಲು ಕಳೆದುಹೋದರೂ ಮುಕ್ಕಾಲು ಕೋಟಿ ಲೀಟರಿಗಿಂತ ಹೆಚ್ಚು ಕೈಗೆ ಸಿಗುತ್ತದೆ. ಅಂಥ ಎಷ್ಟೋ ಸೂರುಗಳ ನೀರು ಇಂದಿಗೂ ನೇರ ರಾಜಕಾಲುವೆ ಸೇರಿ, ತಗ್ಗಿನ ಬಡಾವಣೆಗಳನ್ನು ಮುಳುಗಿಸುತ್ತಿದೆ.

ಹಳ್ಳಿಗಳ ಉದ್ಯಮಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಸಕ್ಕರೆ ಕಾರ್ಖಾನೆಗಳಿಗೆ ಬರುವ ಕಬ್ಬಿನ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ನೀರೇ. ದಿನಕ್ಕೆ 5,000 ಟನ್ ಅರೆಯುವ ಕಾರ್ಖಾನೆಯ ಗೇಟಿನೊಳಗೆ ಲಾರಿ, ಟ್ರ್ಯಾಕ್ಟರ್‌ಗಳಲ್ಲೇ 35 ಲಕ್ಷ ಲೀಟರ್ ನೀರು ಬಂದಂತಾಯಿತು. ಒಂದು ಭಾಗ ಸಿಪ್ಪೆಯಲ್ಲಿ ಹೋದರೂ, ಕಬ್ಬಿನ ಹಾಲು ಕುದಿಸುವಾಗ ಏಳುವ ಆವಿಯನ್ನು ತಣಿಸಿ ಹಿಡಿದರೆ ನದಿಗೆ ಪಂಪು ಹಾಕುವ ಅಗತ್ಯವೇ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಇಲ್ಲಿಯೂ ದೊಡ್ಡ ಬಳಕೆ ಇರುವುದು ಕಾಂಪೌಂಡಿನ ಹೊರಗೆ, ಕಬ್ಬಿನ ಗದ್ದೆಯಲ್ಲಿ. ಬೆಳೆಗಾರರಿಗೆ ಹನಿ ನೀರಾವರಿಗೆ ನೆರವಾಗುವ ಕಾರ್ಖಾನೆ ತನ್ನ ಯಂತ್ರಗಳಲ್ಲಿ ಉಳಿಸುವುದಕ್ಕಿಂತ ಹೆಚ್ಚಿನ ನೀರನ್ನು ಅಲ್ಲಿ ಉಳಿಸಬಲ್ಲದು.

ಊರಿನ ಕೊಳಚೆ, ಕಾರ್ಖಾನೆಯ ಕಚ್ಚಾ ಸರಕು

2019ರ ಜೂನ್‌ನಲ್ಲಿ ಚೆನ್ನೈಗೆ ನೀರು ಕೊಡುವ ಜಲಾಶಯಗಳು ಬರಿದಾದಾಗ, ಕೆಲವು ಐಟಿ ಕಂಪನಿಗಳು ನೌಕರರನ್ನು ಮನೆಯಿಂದಲೇ ಕೆಲಸ ಮಾಡಿ ಎಂದವು. ಅದೇ ಊರಿನ ಮಣಲಿಯಲ್ಲಿ ತೈಲ ಸಂಸ್ಕರಣಾಗಾರ ಮತ್ತು ಗೊಬ್ಬರದ ಕಾರ್ಖಾನೆ 1990ರ ದಶಕದಿಂದಲೇ ನಗರದ ಕೊಳಚೆನೀರನ್ನು ಕೊಂಡು, ಶುದ್ಧೀಕರಿಸಿ ಬಳಸುತ್ತಿದ್ದವು. ಆ ಅನುಭವದ ಬಲದಿಂದ ಕೊಡುಂಗೈಯೂರು ಮತ್ತು ಕೋಯಂಬೇಡಿನಲ್ಲಿ ದಿನಕ್ಕೆ ತಲಾ 4.5 ಕೋಟಿ ಲೀಟರ್ ಸಾಮರ್ಥ್ಯದ ಘಟಕಗಳು ಬಂದವು. ಕಾರ್ಖಾನೆಗಳು ಅಷ್ಟು ಕುಡಿಯುವ ನೀರನ್ನು ಮನೆಗಳಿಗೆ ಬಿಟ್ಟುಕೊಟ್ಟಂತಾಯಿತು. ಸೂರತ್‌ನ ಪಾಂಡೇಸರ ಕೈಗಾರಿಕಾ ಪ್ರದೇಶದ ಬಟ್ಟೆ ಗಿರಣಿಗಳಿಗೂ ನಗರಪಾಲಿಕೆ 2014ರಿಂದ ಇಂಥದೇ ನೀರು ಮಾರುತ್ತಿದೆ. ಬೆಂಗಳೂರಿನಲ್ಲಿ ಯಲಹಂಕದ ಘಟಕದಿಂದ ವಿಮಾನ ನಿಲ್ದಾಣಕ್ಕೆ ಶುದ್ಧೀಕರಿಸಿದ ನೀರು ಹೋಗುವುದುಂಟು. ಆದರೆ ನಗರ ದಿನವೂ ಹೊರಹಾಕುವ ಕೊಳಚೆಗೆ ಹೋಲಿಸಿದರೆ ಉದ್ಯಮ ಬಳಸುವ ಪಾಲು ತೀರಾ ಚಿಕ್ಕದು. ಪೈಪು ಹಾಕಬೇಕಾದ್ದು ಸರ್ಕಾರ ನಿಜ. ಪೈಪು ಬಂದರೆ ಇಷ್ಟು ನೀರು ಕೊಳ್ಳುತ್ತೇವೆ ಎಂದು ಕೈಗಾರಿಕಾ ಸಂಘಗಳು ಮುಂಚಿತವಾಗಿ ಬರೆದುಕೊಟ್ಟರೆ ಆ ಕೆಲಸ ಬೇಗ ಆಗುತ್ತದೆ.

ಕೆರೆ ದತ್ತು ತೆಗೆದುಕೊಂಡರೆ ಸಾಕೇ?

2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಅದರಲ್ಲಿ ಕೆರೆಗಳಿಗೂ ಪಾಲು ಬಂದಿದೆ. ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿಯ 36 ಎಕರೆ ಕೆರೆಯನ್ನು 2017ರಲ್ಲಿ ಸನ್ಸೇರಾ ಕಂಪನಿಯ ಹಣದಿಂದ ಹೂಳೆತ್ತಿ ಜೀವ ತುಂಬಿದ್ದು, ಆಗ ಅಲ್ಲಿಯೇ ಎಂಜಿನಿಯರ್ ಆಗಿದ್ದ ಆನಂದ್ ಮಲ್ಲಿಗವಾಡ್. ತೆಗೆದ ಹೂಳನ್ನು ಹೊರಗೆ ಸಾಗಿಸದೆ ಕೆರೆಯೊಳಗೇ ಹಕ್ಕಿಗಳಿಗೆ ದ್ವೀಪ ಮಾಡಿದರು. ಸರ್ಜಾಪುರ ರಸ್ತೆಯ ಭಾಗದಲ್ಲಿ ವಿಪ್ರೊ ನೆರವಿನಿಂದ ಬಯೋಮ್ ಸಂಸ್ಥೆ ಅಂತರ್ಜಲದ ನಕ್ಷೆ ಮಾಡಿತು. ನೆಲದಡಿಯಲ್ಲಿ ನೀರು ಎಷ್ಟು ಆಳದಲ್ಲಿದೆ, ಮಳೆಗಾಲದಲ್ಲಿ ಎಷ್ಟು ಏರುತ್ತದೆ ಎಂಬುದನ್ನು ನಿವಾಸಿಗಳೇ ಅಳೆದು ದಾಖಲಿಸಿದರು. ಇಂಗುಬಾವಿ ತೋಡುವ ಕೆಲಸದಲ್ಲಿ ಮಣ್ಣು ವಡ್ಡರ ಕುಲಕಸುಬಿನ ಕೈಚಳಕಕ್ಕೆ ಮತ್ತೆ ಬೆಲೆ ಬಂದಿದೆ. ಮೂರಡಿ ಅಗಲ, ಇಪ್ಪತ್ತು ಮೂವತ್ತಡಿ ಆಳದ ಗುಂಡಿಗೆ ಸಿಮೆಂಟ್ ಬಳೆ ಇಳಿಸಿ, ತಳವನ್ನು ಹಾಗೇ ಬಿಟ್ಟು, ಸೂರಿನ ನೀರನ್ನು ಅದಕ್ಕೆ ತಿರುಗಿಸುತ್ತಾರೆ.

ಇಂಥ ಕೆಲಸಗಳನ್ನು ಮೆಚ್ಚಲೇಬೇಕು. ಹಾಗೆಂದು ಒಂದು ಜಿಲ್ಲೆಯ ಕೊಳವೆಬಾವಿಗಳನ್ನು ಬರಿದು ಮಾಡಿ, ಇನ್ನೊಂದು ಜಿಲ್ಲೆಯಲ್ಲಿ ಕೆರೆ ತುಂಬಿಸಿ, ಲೆಕ್ಕ ಸರಿಹೋಯಿತು ಎನ್ನಲಾಗದು. ಇಂಗಾಲದ ಹೊಗೆ ಎಲ್ಲಿ ಕಡಿಮೆಯಾದರೂ ವಾತಾವರಣಕ್ಕೆ ಒಂದೇ. ನೀರು ಹಾಗಲ್ಲ, ತೆಗೆದ ಜಲಾನಯನಕ್ಕೇ ಮರಳಬೇಕು. ಕೆರೆಯ ಹೂಳೆತ್ತಿ ಫಲಕ ನೆಟ್ಟು ಹೋದರೂ ಸಾಲದು. ಕಾಲುವೆಯ ಒತ್ತುವರಿ, ಸೇರುವ ಕೊಳಚೆ, ಮುಂದಿನ ವರ್ಷಗಳ ನಿರ್ವಹಣೆ ಯಾರದು ಎಂಬುದು ಮೊದಲೇ ತೀರ್ಮಾನವಾಗಿರಬೇಕು.

ಪರೀಕ್ಷಿಸುವ ದಾರಿ ಈಗ ಸ್ವಲ್ಪ ತೆರೆದಿದೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಎಲ್ಲಿಂದ ಎಷ್ಟು ನೀರು ತೆಗೆದವು, ಎಷ್ಟು ಬಳಸಿದವು, ಎಷ್ಟನ್ನು ಯಾವ ಸ್ಥಿತಿಯಲ್ಲಿ ಹೊರಬಿಟ್ಟವು ಎಂಬುದನ್ನು ವಾರ್ಷಿಕ ವರದಿಯೊಂದಿಗೆ ಬಹಿರಂಗಪಡಿಸಬೇಕು ಎಂದು ಸೆಬಿ ಕಡ್ಡಾಯ ಮಾಡಿದೆ. ಷೇರುದಾರರು, ಪತ್ರಕರ್ತರು, ಪಂಚಾಯಿತಿ ಸದಸ್ಯರು ಆ ಪುಟಗಳನ್ನು ತೆರೆದು ನೋಡಬೇಕು. ಇಡೀ ಕಂಪನಿಯ ಒಟ್ಟು ಮೊತ್ತದಿಂದ ತೃಪ್ತರಾಗದೆ, ತಮ್ಮೂರಿನ ಘಟಕದ ಲೆಕ್ಕ ಏನು ಎಂದು ಕೇಳಬೇಕು.

ಈ ನಿಯಮದ ಬಲೆಗೆ ಬೀಳದವರು ಸಣ್ಣ ಉದ್ಯಮಿಗಳು. ಬೆಂಗಳೂರಿನ ಪೀಣ್ಯದಲ್ಲಿ ಬಿಡಿಭಾಗಗಳಿಗೆ ಲೋಹದ ಲೇಪ ಕೊಡುವ ಚಿಕ್ಕ ಘಟಕಗಳು ಬಹಳಷ್ಟಿವೆ. ಅಲ್ಲಿನ ಅಂತರ್ಜಲದಲ್ಲಿ ವಿಷಕಾರಿ ಕ್ರೋಮಿಯಂ ಸೇರಿರುವುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಹತ್ತು ಜನ ಕೆಲಸಗಾರರ ಶೆಡ್ಡಿಗೆ ಸ್ವಂತ ಶುದ್ಧೀಕರಣ ಘಟಕ ಕಟ್ಟುವ ತ್ರಾಣವಿಲ್ಲ. ಲೇಪದ ತೊಟ್ಟಿಯ ನಂತರ ಒಂದರ ಹಿಂದೊಂದು ತೊಳೆಯುವ ತೊಟ್ಟಿ ಇಟ್ಟು, ಭಾಗವು ಸಾಗುವ ದಿಕ್ಕಿಗೆ ಎದುರಾಗಿ ನೀರು ಹರಿಸಿದರೆ ತೊಳೆಯಲು ಬೇಕಾಗುವ ನೀರು ಬಹಳ ಇಳಿಯುತ್ತದೆ, ಲೋಹವೂ ವಾಪಸು ಸಿಗುತ್ತದೆ. ಅಷ್ಟನ್ನು ಅವರು ಮಾಡಬಹುದು. ಉಳಿದದ್ದಕ್ಕೆ ಸಾಮೂಹಿಕ ಘಟಕ ಬೇಕು, ಅದಕ್ಕೆ ನೀರು ಸಾಗಿಸುವ ಖರ್ಚೂ ಇದೆ. ಆ ಭಾಗಗಳನ್ನು ಕೊಳ್ಳುವ ದೊಡ್ಡ ಕಂಪನಿಗಳು ಖರೀದಿ ಒಪ್ಪಂದದಲ್ಲಿ ತ್ಯಾಜ್ಯನೀರಿನ ದಾಖಲೆ ಕೇಳಬೇಕು. ಕೇಳಿದ ಮೇಲೆ, ಆ ಖರ್ಚನ್ನು ತಾವು ಕೊಡುವ ದರದಲ್ಲಿಯೇ ಸೇರಿಸಿ ಕೊಡಬೇಕು.