ಮನೆಯ ಮರಗೆಲಸಕ್ಕೆ ಹುಡಿ ಎಳೆಯುವ ಯಂತ್ರ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಅಡಿಕೆ ಸುಲಿತ ಮುಗಿದು, ಕಾಫಿಯೂ ಒಣಗಿ ಚೀಲ ಸೇರಿದ ಮೇಲೆ ಮಳೆ ಹಿಡಿಯುವವರೆಗೆ ನಮಗೆ ಒಂದಿಷ್ಟು ಬಿಡುವು ಸಿಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳಲ್ಲಿ ಬಾಗಿಲು, ಮಂಚ, ಪೆಟ್ಟಿಗೆಗಳ ಕೆಲಸ ನಡೆಯುವುದು ಬಹುಶಃ ಈ ದಿನಗಳಲ್ಲೇ. ಹಿಂದೆ ಆಚಾರಿಯನ್ನು ಕರೆಸಿ ಜಗಲಿಯಲ್ಲಿ ಕೂರಿಸಿದರೆ ತಿಂಗಳುಗಟ್ಟಲೆ ಕೆಲಸ ಸಾಗುತ್ತಿತ್ತು. ಈಗ ಆಚಾರಿ ಸಿಗುವುದು ಕಷ್ಟ. ಯಂತ್ರ ಸಿಗುವುದು ಸುಲಭ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದ ಹುಡುಗರಲ್ಲಿ ಕೆಲವರು ಕರೆಂಟಿನ ಗರಗಸ, ಹತ್ತರಿ ಹಾಕುವ ಪ್ಲೇನರ್, ಉಪ್ಪುಕಾಗದ ಉಜ್ಜುವ ಸ್ಯಾಂಡರ್ ತರಿಸಿಕೊಂಡರು. ಹುಡುಗರು ಮರಳಿ ಹೋದರೂ ಯಂತ್ರಗಳು ಉಳಿದವು. ನನ್ನ ಮನೆಯ ಕಥೆಯೂ ಇದೇ.

ಯಂತ್ರದೊಡನೆ ಬಂದ ಇನ್ನೊಂದು ವಸ್ತು ಹುಡಿ. ಕೈಹತ್ತರಿ ಹಾಕಿದರೆ ಮರ ಸುರುಳಿ ಸುರುಳಿಯಾಗಿ ಏಳುತ್ತದೆ. ಅದನ್ನು ಬುಟ್ಟಿಗೆ ತುಂಬಿ ಬಚ್ಚಲ ಒಲೆಗೆ ಹಾಕಿದರೆ ಮುಗಿಯಿತು. ಸ್ಯಾಂಡರಿನಿಂದ ಏಳುವುದು ಹಿಟ್ಟು. ಅದು ನೆಲಕ್ಕೆ ಬೀಳುವುದಿಲ್ಲ, ಗಾಳಿಯಲ್ಲೇ ಗಂಟೆಗಟ್ಟಲೆ ನಿಲ್ಲುತ್ತದೆ. ಹೀಗಾಗಿ ಅಪ್ಪನ ಕಾಲದ ಆಚಾರಿಗೆ ಏನೂ ಆಗಲಿಲ್ಲವಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಕೆಲಸ ಅದೇ ಇರಬಹುದು, ಹುಡಿ ಮಾತ್ರ ಬೇರೆ.

ನಾನು ಮಾಡಿದ ತಪ್ಪು

ನಮ್ಮ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಕೆಲಸ ಶುರು ಮಾಡಿದಾಗ ಮನೆ ಗುಡಿಸುವ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರನ್ನೇ ಸ್ಯಾಂಡರಿಗೆ ಸಿಕ್ಕಿಸಿದೆ. ಎರಡು ದಿನ ಚೆನ್ನಾಗಿಯೇ ಎಳೆಯಿತು. ಮೂರನೆಯ ದಿನ ಕಮಟು ವಾಸನೆ ಬಂದು ಮೋಟಾರು ಸುಟ್ಟಿತು. ಕಾರಣ ಆಮೇಲೆ ತಿಳಿಯಿತು. ಇಂಥ ಅನೇಕ ಯಂತ್ರಗಳಲ್ಲಿ ಎಳೆದ ಗಾಳಿಯೇ ಮೋಟಾರನ್ನು ತಣಿಸಬೇಕು. ನಯವಾದ ಹುಡಿ ಚೀಲದ ಕಣ್ಣು ಮುಚ್ಚಿದರೆ ಗಾಳಿಯೂ ಇಲ್ಲ, ತಂಪೂ ಇಲ್ಲ.

ಹಣ ಹೋದದ್ದು ದೊಡ್ಡ ಮಾತಲ್ಲ. ಆ ಯಂತ್ರ ದಪ್ಪ ಹುಡಿಯನ್ನು ಹಿಡಿದು ನಯವಾದದ್ದನ್ನು ಹಿಂದಿನಿಂದ ಊದುತ್ತಿತ್ತು. ಮೆತ್ತಿನ ಮೇಲೆ ಹರಡಿದ್ದ ಚಾಲಿಗೆ ಹುಡಿ ಹಿಡಿಯಿತು, ಜಾಲಿಸಿ ತುಂಬಬೇಕಾಯಿತು. ಎಂಬತ್ತು ದಾಟಿದ ನನ್ನ ತಾಯಿಗೆ ಮಳೆಗಾಲದಲ್ಲಿ ಬರುತ್ತಿದ್ದ ಉಬ್ಬಸ ಆ ವರ್ಷ ಬೇಸಿಗೆಯಲ್ಲೇ ಬಂತು. ಅದಕ್ಕೆ ಹುಡಿಯೇ ಕಾರಣವೆಂದು ಡಾಕ್ಟರು ಖಂಡಿತವಾಗಿ ಹೇಳಲಿಲ್ಲ. ಆದರೆ ನಾನು ಕೆಲಸ ನಿಲ್ಲಿಸಿದ ಹದಿನೈದು ದಿನದಲ್ಲಿ ಉಬ್ಬಸ ಇಳಿಯಿತು. ನಾನು ಈ ವಿಷಯವನ್ನು ಓದಲು ಕೂತದ್ದು ಆಗ.

ಹುಡಿಯಿಂದ ಏನಾಗುತ್ತದೆ?

ಇಂಗ್ಲೆಂಡಿನ ಹೈ ವಿಕಂಬ್ ಕುರ್ಚಿ-ಮೇಜುಗಳಿಗೆ ಹೆಸರಾದ ಪಟ್ಟಣ. ಅಲ್ಲಿಯ ಕಿವಿ-ಮೂಗು-ಗಂಟಲಿನ ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್, ಅಪರೂಪದ ಒಂದು ಬಗೆಯ ಮೂಗಿನ ಕ್ಯಾನ್ಸರು ಪೀಠೋಪಕರಣದ ಕೆಲಸಗಾರರಲ್ಲೇ ಹೆಚ್ಚು ಕಾಣುತ್ತಿದೆಯೆಂದು ಗಮನಿಸಿದರು. ಆಕ್ಸ್‌ಫರ್ಡಿನ ಸಂಶೋಧಕರೊಡನೆ ಅವರು ನಡೆಸಿದ ಪರಿಶೀಲನೆ 1968ರಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮರದ ಹುಡಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಇದೇ ಸಂಸ್ಥೆ 2004ರಲ್ಲಿ ಅಡಿಕೆಯನ್ನೂ ಅದೇ ಗುಂಪಿನಲ್ಲಿ ಪ್ರಕಟಿಸಿದ್ದು ಸದಸ್ಯರಿಗೆಲ್ಲ ಗೊತ್ತು. ಆ ಜಗಳ ಬೇರೆ. ಅದರ ಸಿಟ್ಟನ್ನು ಮರದ ಹುಡಿಯ ವಿಷಯದಲ್ಲಿ ತೀರಿಸಿಕೊಳ್ಳುವುದು ಬೇಡ. ಹೈ ವಿಕಂಬಿನವರು ದಿನವಿಡೀ, ವರ್ಷಗಟ್ಟಲೆ ಹುಡಿಯಲ್ಲಿ ದುಡಿದವರು. ವರ್ಷಕ್ಕೆ ಒಂದು ತಿಂಗಳು ಕೆಲಸ ಮಾಡುವ ನಾವು ಹೆದರಿ ಕೂರಬೇಕಾಗಿಲ್ಲ. ಆದರೆ ಮನೆಯಿಂದ ಮನೆಗೆ ಹೋಗಿ ವರ್ಷವಿಡೀ ದುಡಿಯುವ ಆಚಾರಿಯ ಲೆಕ್ಕ ಬೇರೆ. ನಮ್ಮ ಮಾಡಿನಲ್ಲಿ ಅವನು ಉಸಿರಾಡುವ ಗಾಳಿಗೆ ನಾವೇ ಜವಾಬ್ದಾರರು. ಕ್ಯಾನ್ಸರಿನ ಮಾತು ಬಿಟ್ಟರೂ ಉಬ್ಬಸ, ಮೂಗು ಸೋರುವುದು ಇದ್ದೇ ಇವೆ. ಬೀಟೆ ಮತ್ತು ಸಾಗವಾನಿಯ ಹುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ.

ಎರಡು ಜಾತಿಯ ಯಂತ್ರ

ಅಂಗಡಿಯಲ್ಲಿ ಎರಡು ಬಗೆ ತೋರಿಸುತ್ತಾರೆ. ಪಂಪು ಬಲ್ಲ ನಮಗೆ ಇವುಗಳ ವ್ಯತ್ಯಾಸ ಬೇಗ ತಿಳಿಯುತ್ತದೆ. ಹಳ್ಳದ ದಂಡೆಯ ಪಂಪು ನೀರು ಹೆಚ್ಚು ಕೊಡುತ್ತದೆ, ಎತ್ತರಕ್ಕೆ ಏರಿಸುವುದು ಕಡಿಮೆ. ಕೊಳವೆ ಬಾವಿಯ ಪಂಪು ಆಳದಿಂದ ಎತ್ತುತ್ತದೆ, ನೀರು ಕಡಿಮೆ.

ಡಸ್ಟ್ ಕಲೆಕ್ಟರ್ ಎಂಬ ಚೀಲದ ಯಂತ್ರ ಹಳ್ಳದ ಪಂಪಿನ ಜಾತಿ. ದೊಡ್ಡ ಫ್ಯಾನು, 4 ಇಂಚಿನ ಪೈಪು, ಬಹಳ ಗಾಳಿ, ಕಡಿಮೆ ಸೆಳೆತ. ಪ್ಲೇನರ್, ಮೇಜಿನ ಗರಗಸಗಳಿಗೆ ಇದು ಬೇಕು. ಹೊಟ್ಟು ಪೈಪಿನಲ್ಲಿ ನಿಲ್ಲದೆ ಸಾಗಲು ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. 4 ಇಂಚಿನ ಪೈಪಿನಲ್ಲಿ ಅದು ನಿಮಿಷಕ್ಕೆ ಸುಮಾರು 350 ಘನ ಅಡಿ ಆಗುತ್ತದೆ. ಡಬ್ಬಿಯ ಮೇಲೆ ಅಚ್ಚಾದ ಅಂಕಿ ಸಾಮಾನ್ಯವಾಗಿ ಪೈಪು ಜೋಡಿಸದೆ ಅಳೆದದ್ದು. ಪೈಪು, ಬಾಗು, ಚೀಲ ಎಲ್ಲ ಸೇರಿದಾಗ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಆದ್ದರಿಂದ ಪೈಪು ಗಿಡ್ಡವಿರಲಿ, ಬಾಗು ಕಡಿಮೆ ಇರಲಿ, ನಡುವೆ ಎಲ್ಲೂ 2 ಇಂಚಿಗೆ ಕಿರಿದಾಗುವುದು ಬೇಡ.

ಕಾರ್ಖಾನೆ ವ್ಯಾಕ್ಯೂಮ್ ಎಂದು ಮಾರುವ ಸಣ್ಣ ಕೊಳವೆಯ ಯಂತ್ರ ಕೊಳವೆ ಬಾವಿಯ ಜಾತಿ. ಗಾಳಿ ಕಡಿಮೆ, ಸೆಳೆತ ಬಹಳ. ಒಳ್ಳೆಯದೊಂದು ನೀರನ್ನು 2 ಮೀಟರಿನಷ್ಟು ಮೇಲಕ್ಕೆ ಎಳೆಯಬಲ್ಲದು. ಚೀಲದ ಯಂತ್ರದ ಸೆಳೆತ ಒಂದು ಗೇಣಿನ ಆಸುಪಾಸು. ಸ್ಯಾಂಡರ್, ಕೈಗರಗಸ, ರೂಟರಿನಂಥ ಸಣ್ಣ ಬಾಯಿಯ ಸಲಕರಣೆಗೆ ಇದೇ ಸರಿ. ನಯವಾದ ಹುಡಿ ಹೆಚ್ಚು ಏಳುವುದೂ ಇವುಗಳಿಂದಲೇ. ಒದ್ದೆ-ಒಣ ಎರಡಕ್ಕೂ ಆಗುವ, ಮೋಟಾರಿಗೆ ತಂಪುಗಾಳಿಯ ದಾರಿ ಬೇರೆಯೇ ಇರುವ ಮಾದರಿಯನ್ನು ಕೇಳಿ ಪಡೆಯಿರಿ. ನನ್ನ ಮೊದಲ ಯಂತ್ರದಲ್ಲಿ ಇಲ್ಲದ್ದು ಇದು.

ಹಾರ್ಸ್‌ಪವರಿಗಿಂತ ಫಿಲ್ಟರ್ ಮುಖ್ಯ

ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಉಸಿರಿನೊಡನೆ ಎದೆಗೆ ಇಳಿಯುವ ಹುಡಿ 10 ಮೈಕ್ರಾನಿಗಿಂತ ಸಣ್ಣದು. ಕಣ್ಣಿಗೆ ಕಾಣುವುದೇ ಇಲ್ಲ. ಅಗ್ಗದ ಯಂತ್ರದ ಬಟ್ಟೆಚೀಲ ಹಿಡಿಯುವುದು 30 ಮೈಕ್ರಾನಿನದನ್ನು. ಅಂದರೆ ಬೇಡದ್ದನ್ನು ಹಿಡಿದು, ಹಿಡಿಯಬೇಕಾದದ್ದನ್ನು ಮನೆಯ ತುಂಬ ಹರಡುತ್ತದೆ.

ಯೂರೋಪಿನಲ್ಲಿ ಈ ಯಂತ್ರಗಳಿಗೆ ಎಲ್, ಎಂ, ಎಚ್ ಎಂಬ ಮೂರು ವರ್ಗಗಳಿವೆ. ಎಲ್ ವರ್ಗದ ಫಿಲ್ಟರ್ ನೂರಕ್ಕೆ 1 ಪಾಲು ಹುಡಿಯನ್ನು ಬಿಡಬಹುದು. ಎಂ ವರ್ಗದ್ದು 0.1 ಪಾಲಿಗಿಂತ ಹೆಚ್ಚು ಬಿಡಕೂಡದು. ಮರದ ಹುಡಿಗೆ ಎಂ ವರ್ಗ ತಕ್ಕದ್ದು. ಹೆಪಾ ಫಿಲ್ಟರ್ ಆದರೆ 0.3 ಮೈಕ್ರಾನಿನ ಹತ್ತು ಸಾವಿರ ಕಣಗಳಲ್ಲಿ ಮೂರನ್ನು ಮಾತ್ರ ಬಿಡುತ್ತದೆ. 'ಹೆಪಾ ಮಾದರಿಯದು' ಎಂದು ಬರೆದಿದ್ದರೆ ಅದು ಹೆಪಾ ಅಲ್ಲ.

ಇಲ್ಲಿ ನಮಗೊಂದು ಅನುಕೂಲವಿದೆ. ಚಳಿದೇಶದವರು ಕೋಣೆಯ ಬಿಸಿಗಾಳಿಯನ್ನು ಹೊರಗೆ ಬಿಡಲಾರರು. ಸೋಸಿ ಒಳಗೇ ಬಿಡಬೇಕು. ನಾವು ಚೀಲದ ಯಂತ್ರವನ್ನು ಗೋಡೆಯಾಚೆ ಮಾಡಿನಡಿ ಇಟ್ಟು ಪೈಪನ್ನಷ್ಟೇ ಒಳಗೆ ತರಬಹುದು. ದುಬಾರಿ ಫಿಲ್ಟರಿನ ಖರ್ಚು ಅರ್ಧ ಉಳಿಯಿತು. ಆದರೆ ಅದರ ಬಾಯಿ ಅಡಿಕೆ ಒಣಗುವ ಅಂಗಳದತ್ತ, ಬಾವಿಯತ್ತ ಅಥವಾ ನೆರೆಮನೆಯತ್ತ ಇರಬಾರದು.

ನಡುವೆ ಒಂದು ಡ್ರಮ್

ಫಿಲ್ಟರ್ ಬೇಗ ಕಟ್ಟದಿರಲು ಯಂತ್ರಕ್ಕೂ ಸಲಕರಣೆಗೂ ನಡುವೆ ಸೈಕ್ಲೋನ್ ಜೋಡಿಸುತ್ತಾರೆ. ಗಾಳಿ ಅದರೊಳಗೆ ಸುಳಿಯಂತೆ ತಿರುಗಿದಾಗ ದಪ್ಪ ಹುಡಿ ಅಂಚಿಗೆ ಬಡಿದು ಕೆಳಗಿನ ಡ್ರಮ್ಮಿಗೆ ಬೀಳುತ್ತದೆ. ಪ್ಲಾಸ್ಟಿಕ್ ಸೈಕ್ಲೋನ್ ಬಿಡಿಯಾಗಿ ಸಿಗುತ್ತದೆ. ಡ್ರಮ್ ನಮ್ಮಲ್ಲೇ ಇದೆ. ಬೋರ್ಡೋ ದ್ರಾವಣ ಮಾಡಿದ ಡ್ರಮ್ಮಾದರೆ ಮೈಲುತುತ್ತದ ಕಲೆ ಹೋಗುವಂತೆ ತೊಳೆಯಿರಿ. ತೆಳು ಡ್ರಮ್ ಬೇಡ: ಕೊಳವೆ ಕಟ್ಟಿದ ಕ್ಷಣ ಸೆಳೆತಕ್ಕೆ ಅಪ್ಪಚ್ಚಿಯಾಗುತ್ತದೆ. ಸೈಕ್ಲೋನ್ ಇದೆಯೆಂದು ಫಿಲ್ಟರ್ ಬಿಡುವಂತಿಲ್ಲ. ಅತಿ ನಯವಾದ ಹುಡಿ ಅದನ್ನೂ ದಾಟುತ್ತದೆ.

ಕರೆಂಟು, ಮಳೆ, ಬೆಂಕಿ

1400 ವಾಟಿನ ವ್ಯಾಕ್ಯೂಮ್, 1500 ವಾಟಿನ ಗರಗಸ ಕೂಡಿದರೆ 12 ಆಂಪಿಯರ್ ದಾಟುತ್ತದೆ. ದೀಪದ ಲೈನಿಗೆ ಸಿಕ್ಕಿಸಬೇಡಿ. 16 ಆಂಪಿಯರಿನ ಪ್ರತ್ಯೇಕ ಲೈನು, ಸರಿಯಾದ ಅರ್ತಿಂಗ್ ಬೇಕು. ಚೀಲದ ಯಂತ್ರದ ಇಂಡಕ್ಷನ್ ಮೋಟಾರು ನಿಮ್ಮ ಪಂಪಿನಂತೆಯೇ: ವೋಲ್ಟೇಜ್ ಬಿದ್ದಾಗ ಓಡಿಸಿದರೆ ಸುಡುತ್ತದೆ.

ಮಳೆಗಾಲದಲ್ಲಿ ಕಾಗದದ ಫಿಲ್ಟರಿಗೆ ಬೂಸು ಹಿಡಿಯುತ್ತದೆ. ತೊಳೆಯಬಹುದಾದ ಪಾಲಿಯೆಸ್ಟರ್ ಫಿಲ್ಟರ್ ನಮ್ಮ ಹವೆಗೆ ಒಳ್ಳೆಯದು. ಮಳೆ ಹಿಡಿಯುವ ಮೊದಲು ಬಿಚ್ಚಿ, ಒಣಗಿಸಿ, ಒಳಗಿಡಿ.

ಹಳೆಮನೆ ಬಿಚ್ಚಿದ ತೊಲೆ-ಜಂತಿಗಳನ್ನು ಕೊಯ್ಯುವವರಿಗೆ ಒಂದು ಎಚ್ಚರಿಕೆ. ಒಳಗೆ ಅಡಗಿದ ಮೊಳೆಗೆ ಗರಗಸ ತಾಗಿದರೆ ಕಿಡಿ ಹಾರಿ ಚೀಲ ಸೇರುತ್ತದೆ. ಒಳಗೊಳಗೇ ಹೊಗೆಯಾಡಿ ರಾತ್ರಿ ಹೊತ್ತಿಕೊಳ್ಳಬಹುದು. ಮೊದಲು ಮೊಳೆ ಕೀಳಿ, ಸಂಜೆ ಚೀಲವನ್ನು ಹೊರಗೆ ಖಾಲಿ ಮಾಡಿ. ಕಬ್ಬಿಣ ತಿಕ್ಕುವ ಗ್ರೈಂಡರಿಗೆ ಇದೇ ವ್ಯಾಕ್ಯೂಮನ್ನು ಎಂದೂ ಜೋಡಿಸಬೇಡಿ. ಅಡಿಕೆ ಒಣಗಿಸುವ ಭಟ್ಟಿಮನೆಯಲ್ಲಿ ಮರಗೆಲಸ ಬೇಡವೇ ಬೇಡ.

ಹಿಡಿದ ಹುಡಿಯನ್ನು ಏನು ಮಾಡುವುದು? ಹಸಿಯಾಗಿ ಅಡಿಕೆ ಬುಡಕ್ಕೆ ಹಾಕಿದರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಹೀರುತ್ತದೆ. ಸಗಣಿಯೊಡನೆ ಗೊಬ್ಬರದ ಗುಂಡಿಯಲ್ಲಿ ಪೂರ್ತಿ ಕಳಿಯಲಿ. ಅಂಟು ಸೇರಿದ ಪ್ಲೈವುಡ್ಡಿನ ಹುಡಿ ಗುಂಡಿಗೆ ಬೇಡ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ಸ್ಯಾಂಡರ್, ಕೈಗರಗಸ, ಡ್ರಿಲ್ ಇಷ್ಟೇ ಇರುವವರಿಗೆ ಎಂ ವರ್ಗದ ಅಥವಾ ಹೆಪಾ ಫಿಲ್ಟರಿನ ಒಂದು ವ್ಯಾಕ್ಯೂಮ್, ಒಂದು ಸೈಕ್ಲೋನ್ ಡ್ರಮ್ ಸಾಕು. ಪ್ಲೇನರ್, ಮೇಜಿನ ಗರಗಸವೂ ಇದ್ದರೆ 1ರಿಂದ 2 ಹಾರ್ಸ್‌ಪವರಿನ ಚೀಲದ ಯಂತ್ರ ಹೊರಗಿರಲಿ, ಸ್ಯಾಂಡರಿಗೆ ವ್ಯಾಕ್ಯೂಮ್ ಬೇರೆ ಇರಲಿ. ವರ್ಷಕ್ಕೆ ಎಂಟು-ಹತ್ತು ದಿನದ ಕೆಲಸವಾದರೆ ಯಾವ ಯಂತ್ರವೂ ಬೇಡ: ಅಂಗಳದಲ್ಲಿ ಗಾಳಿಗೆ ಬೆನ್ನು ಕೊಟ್ಟು, ಎನ್-95 ಮುಖವಾಡ ಹಾಕಿ ಕೆಲಸ ಮುಗಿಸಿ. ಮುಖಕ್ಕೆ ಕಟ್ಟಿದ ಪಂಚೆ ನಯವಾದ ಹುಡಿಯನ್ನು ತಡೆಯದು. ಯಂತ್ರ ಇದ್ದವರೂ ಉಜ್ಜುವಾಗ ಮುಖವಾಡ ಬಿಡಬಾರದು. ನೆಲವನ್ನು ಒಣ ಕಸಬರಿಗೆಯಿಂದ ಗುಡಿಸಿದರೆ ಹುಡಿ ಮತ್ತೆ ಏಳುತ್ತದೆ, ವ್ಯಾಕ್ಯೂಮಿನಿಂದಲೇ ಎಳೆಯಿರಿ.

ಹಣ ಎಣಿಸುವ ಮೊದಲು ಅಂಗಡಿಯವರಲ್ಲಿ ಕೇಳಿ: ಫಿಲ್ಟರ್ ಎಷ್ಟು ಮೈಕ್ರಾನಿನದು, ಬರಹದಲ್ಲಿ ಕೊಡುತ್ತೀರಾ? ಬದಲಿ ಫಿಲ್ಟರಿನ ಬೆಲೆ ಏನು, ಎಲ್ಲಿ ಸಿಗುತ್ತದೆ? ಕೊಳವೆಯ ಬಾಯಿ ನನ್ನ ಸಲಕರಣೆಗೆ ಕೂಡುತ್ತದೆಯೇ? ರಿಪೇರಿ ಹತ್ತಿರದಲ್ಲಿದೆಯೇ, ಹುಬ್ಬಳ್ಳಿಗೆ ಕಳಿಸಬೇಕೇ?

ಆಸಕ್ತ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿದರೆ ಒಟ್ಟಾಗಿ ದರ ವಿಚಾರಿಸಬಹುದು. ನನ್ನ ಮಾಡಿನ ಜೋಡಣೆ ನೋಡಬಯಸುವವರು ಭಾನುವಾರ ಬರಬಹುದು. ತಾಯಿ ಈಗ ಪಕ್ಕದ ಜಗಲಿಯಲ್ಲಿ ಕೂತು, ಯಂತ್ರದ ಸದ್ದಿಗೆ ಬೈಯುತ್ತಾರೆಯೇ ಹೊರತು ಕೆಮ್ಮುವುದಿಲ್ಲ.