ಕಿಡಿ ಹಾರಿದಷ್ಟೂ ಉಳಿ ಹರಿತವಾಗುತ್ತದೆಯೇ? ಹಳೆಯ ಸಾಣೆಕಲ್ಲು ಹೇಳುವ ವಿಜ್ಞಾನ

ಕುಂದಾಪುರ ತಾಲೂಕಿನ ಶಂಕರನಾರಾಯಣದಲ್ಲಿ ನಮಗೆ ಪರಿಚಯದ ಆಚಾರ್ರೊಬ್ಬರ ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಸಾಣೆಕಲ್ಲೊಂದು ಬಿದ್ದಿತ್ತು. ಸುಮಾರು 40 ಸೆಂಟಿಮೀಟರ್ ವ್ಯಾಸದ ಮರಳುಗಲ್ಲಿನ ಚಕ್ರ, ತಿರುಗಿಸಲು ಕೈಹಿಡಿ, ಕೆಳಗೆ ತುಕ್ಕು ಹಿಡಿದ ನೀರಿನ ತೊಟ್ಟಿ. ಕರೆಂಟಿನ ಗ್ರೈಂಡರ್ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಸರಿಮಾಡಿ ಬಳಸಬಹುದಲ್ಲ ಎಂದು ಕೇಳಿದೆವು. "ಕಿಡಿ ಹಾರ್ದಿರೆ ಉಳಿ ಹರಿತ ಆತ್ತಿಲ್ಲೆ ಮಾರಾಯ್ರೆ" ಎಂದರು.

ಈ ನಂಬಿಕೆ ಅವರೊಬ್ಬರದಲ್ಲ. ಕಿಡಿ ಹೆಚ್ಚಾದರೆ ಹರಿತ ಹೆಚ್ಚು, ನೀರು ಹಾಕಿದರೆ ಸಾಣೆ ಮಂದ ಎಂದು ಹಲವರು ಹೇಳುತ್ತಾರೆ. ಇದು ನಿಜವೇ? ಆ ಕಲ್ಲನ್ನು ಸರಿಮಾಡುತ್ತಲೇ ನೋಡೋಣ ಬನ್ನಿ.

ಕಿಡಿ ಎಂದರೇನು?

ಸಾಣೆ ಹಿಡಿಯುವಾಗ ಕಲ್ಲಿನ ಗಟ್ಟಿ ಕಣಗಳು ಉಕ್ಕಿನಿಂದ ಸಣ್ಣ ಸಣ್ಣ ಚೂರುಗಳನ್ನು ಕೆರೆದು ತೆಗೆಯುತ್ತವೆ. ವೇಗ ಹೆಚ್ಚಿದ್ದಾಗ ಈ ಚೂರುಗಳು ಘರ್ಷಣೆಯಿಂದ ಕಾದು, ಗಾಳಿಯ ಆಮ್ಲಜನಕದೊಂದಿಗೆ ಸೇರಿ ಉರಿಯುತ್ತವೆ. ಅದೇ ಕಿಡಿ. ಅಂದರೆ ಕಿಡಿಯು ಬಿಸಿಯ ಗುರುತೇ ಹೊರತು ಹರಿತದ ಗುರುತಲ್ಲ.

ಒಂದು ಲೆಕ್ಕ ನೋಡಿ. 15 ಸೆಂಟಿಮೀಟರ್ ಚಕ್ರದ ಕರೆಂಟಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತದೆ. ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 22 ಮೀಟರ್. 40 ಸೆಂಟಿಮೀಟರಿನ ನಮ್ಮ ಕಲ್ಲನ್ನು ಕೈಯಲ್ಲಿ ನಿಮಿಷಕ್ಕೆ 60 ಸುತ್ತು ತಿರುಗಿಸಿದರೆ ಸೆಕೆಂಡಿಗೆ ಬರೀ 1.3 ಮೀಟರ್ ಮಾತ್ರ. ಈಗ ಮಾರುಕಟ್ಟೆಯಲ್ಲಿ ಸಿಗುವ ಸ್ವೀಡನ್ನಿನ ಟಾರ್ಮೆಕ್‌ನಂಥ ದುಬಾರಿ ನೀರು ಸಾಣೆಯಂತ್ರಗಳೂ ಹೆಚ್ಚುಕಡಿಮೆ ಇದೇ ನಿಧಾನದಲ್ಲಿ ತಿರುಗುತ್ತವೆ!

ನೀಲಿ ಬಣ್ಣ ಏನು ಹೇಳುತ್ತದೆ?

ಉಳಿಯ ಬಾಯಿ ತುಂಬ ತೆಳು. ಅಲ್ಲಿ ಹುಟ್ಟಿದ ಬಿಸಿಗೆ ಹರಿದು ಹೋಗಲು ಜಾಗವಿಲ್ಲ. ಹಾಗಾಗಿ ಒಂದೆರಡು ಸೆಕೆಂಡಿನಲ್ಲೇ ಬಣ್ಣ ತಿರುಗುತ್ತದೆ. ಸುಮಾರು 220-230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿ, ನಂತರ ಕಂದು, ನೇರಳೆ, ಸುಮಾರು 300 ಡಿಗ್ರಿಗೆ ನೀಲಿ. ಕುಲುಮೆಯಲ್ಲಿ ಉಳಿಗೆ ಹದ ಕೊಡುವಾಗ ನೋಡುವುದೂ ಇದೇ ಬಣ್ಣಗಳನ್ನು. ಇಂಗಾಲದ ಉಕ್ಕು ನೀಲಿಗೆ ತಿರುಗಿತೆಂದರೆ ಅಲ್ಲಿ ಹದ ಹೋಯಿತು, ಉಕ್ಕು ಮೆತ್ತಗಾಯಿತು ಎಂದರ್ಥ. ಆ ಕ್ಷಣ ಹರಿತವಾಗಿ ಕಂಡರೂ ಹಲಸಿನ ಮರಕ್ಕೆ ನಾಲ್ಕು ಪೆಟ್ಟು ಹಾಕುವಷ್ಟರಲ್ಲಿ ಬಾಯಿ ಮಡಚಿಕೊಳ್ಳುತ್ತದೆ.

ನೀಲಿಯಾದ ಉಳಿಯನ್ನು ತಕ್ಷಣ ನೀರಿಗೆ ಅದ್ದಿದರೆ ಹದ ಮರಳುತ್ತದೆಯೇ? ಇಲ್ಲ. ಉಕ್ಕು ಮತ್ತೆ ಗಟ್ಟಿಯಾಗಬೇಕಾದರೆ ಸುಮಾರು 750-800 ಡಿಗ್ರಿಗೆ, ಅಂದರೆ ಕೆಂಪಗೆ ಕಾಯಿಸಿ ಅದ್ದಬೇಕು. ನೀಲಿಯಾದ ಭಾಗವನ್ನು ನಿಧಾನವಾಗಿ ತೇಯ್ದು ತೆಗೆಯುವುದೇ ದಾರಿ. (ಡ್ರಿಲ್ ಬಿಟ್‌ಗಳಲ್ಲಿರುವ ಹೈಸ್ಪೀಡ್ ಸ್ಟೀಲ್ ಹೆಚ್ಚು ಬಿಸಿ ತಡೆಯುತ್ತದೆ. ಅದರ ಮಾತು ಬೇರೆ.)

ಇಲ್ಲಿಯೇ ನೀರಿನ ಕೆಲಸ. ಒಂದು ಗ್ರಾಂ ನೀರು ಒಂದು ಡಿಗ್ರಿ ಬಿಸಿಯಾಗಲು, ಒಂದು ಗ್ರಾಂ ಕಬ್ಬಿಣಕ್ಕೆ ಬೇಕಾದ ಶಾಖದ ಸುಮಾರು ಒಂಬತ್ತು ಪಟ್ಟು ಹೀರಿಕೊಳ್ಳುತ್ತದೆ. ಕಲ್ಲು ನಿಧಾನವಾಗಿ ತಿರುಗುತ್ತಾ, ಬಾಯಿಯ ಮೇಲೆ ನೀರು ಹರಿಯುತ್ತಿದ್ದರೆ ಬಿಸಿ ಹದ ಕೆಡಿಸುವ ಮಟ್ಟಕ್ಕೆ ಏರುವುದೇ ಇಲ್ಲ. ಜೊತೆಗೆ ತೇಯ್ದ ಉಕ್ಕಿನ ಪುಡಿ ಕೊಚ್ಚಿಹೋಗಿ ಕಲ್ಲಿನ ಮೈ ಕಟ್ಟಿಕೊಳ್ಳುವುದಿಲ್ಲ.

ಮರಳುಗಲ್ಲೇ ಏಕೆ?

ನಮ್ಮ ಕರಾವಳಿಯಲ್ಲಿ ಮುರಕಲ್ಲಿಗೆ ಬರವಿಲ್ಲ. ಆದರೆ ಅದು ಮೆತ್ತಗೆ, ಮೈತುಂಬ ತೂತು. ಹಿಟ್ಟು ರುಬ್ಬುವ ಹಳೆಯ ಗ್ರೈಂಡರಿನ ಗ್ರಾನೈಟ್ ಆಗಬಹುದೇ? ಅದರ ಹರಳುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಸವೆದ ಮೇಲೆ ನುಣುಪಾಗುತ್ತವೆ, ಉದುರುವುದಿಲ್ಲ. ಬಾದಾಮಿಯ ಬೆಟ್ಟಗಳಲ್ಲಿ ಕಾಣುವಂಥ ಮರಳುಗಲ್ಲು ಸ್ಫಟಿಕಶಿಲೆಯ ಕಣಗಳು ಅಂಟಿಕೊಂಡು ಆದದ್ದು. ಒಳ್ಳೆಯ ಸಾಣೆಕಲ್ಲಿನಲ್ಲಿ ಮೊಂಡಾದ ಕಣ ಉದುರಿ ಹೊಸ ಚೂಪು ಕಣ ಮೇಲೆ ಬರುತ್ತಿರುತ್ತದೆ.

ಕಲ್ಲನ್ನು ಸರಿಮಾಡುವುದು ಹೇಗೆ?

ಮೊದಲು ಬಿರುಕು ನೋಡಬೇಕು. ಕಲ್ಲನ್ನು ಒದ್ದೆ ಮಾಡಿ ಆರಲು ಬಿಡಿ. ಮೈ ಆರಿದರೂ ಬಿರುಕಿನಲ್ಲಿ ನೀರು ಉಳಿದು ಕಪ್ಪು ಗೆರೆ ಕಾಣುತ್ತದೆ. ಅಂಥ ಕಲ್ಲನ್ನು ಬಳಸಲೇಬೇಡಿ. ಶಾಫ್ಟಿನ ಸುತ್ತ ಮರದ ಬೆಣೆ ಹೊಡೆಯುವಾಗ ತೀರಾ ಬಿಗಿ ಮಾಡಬಾರದು. ಮರ ನೀರು ಕುಡಿದು ಉಬ್ಬಿದರೆ ಕಲ್ಲು ಸೀಳಬಹುದು.

ನಂತರ ದುಂಡಗೆ ಮಾಡುವ ಕೆಲಸ. ಪೆನ್ಸಿಲನ್ನು ಆಧಾರಕ್ಕೆ ಒತ್ತಿ ಹಿಡಿದು ಚಕ್ರ ತಿರುಗಿಸಿದರೆ ಉಬ್ಬಿದ ಕಡೆ ಮಾತ್ರ ಗೆರೆ ಬೀಳುತ್ತದೆ. ಅಲ್ಲಿ ಕಬ್ಬಿಣದ ಪೈಪಿನ ತುಂಡನ್ನು ಗಟ್ಟಿಯಾಗಿ ಒತ್ತಿ, ನೀರು ಸುರಿಯುತ್ತಾ ತೇಯಬೇಕು. ನಮಗೆ ಇದಕ್ಕೇ ಎರಡು ಮಧ್ಯಾಹ್ನ ಹಿಡಿಯಿತು.

ಕಲ್ಲು ಒಂದೇ ಕಡೆ ಸವೆದದ್ದೇಕೆ? ಉತ್ತರ ತೊಟ್ಟಿಯಲ್ಲಿತ್ತು. ಕಲ್ಲನ್ನು ನಿಂತ ನೀರಿನಲ್ಲಿ ಬಿಟ್ಟರೆ ಮುಳುಗಿದ ಭಾಗ ನೀರು ಹೀರಿ ಭಾರವಾಗಿ, ಮೆತ್ತಗಾಗಿ ಬೇಗ ಸವೆಯುತ್ತದೆ. ಆದ್ದರಿಂದ ಮೇಲೆ ಸಣ್ಣ ತೂತಿನ ಡಬ್ಬ ಕಟ್ಟಿ ನೀರು ತೊಟ್ಟಿಕ್ಕುವಂತೆ ಮಾಡಿ, ತೊಟ್ಟಿಯನ್ನು ಪ್ರತಿದಿನ ಖಾಲಿ ಮಾಡಿ.

ಮೋಟಾರು ಜೋಡಿಸುವ ಆಸೆ ಇದ್ದರೆ ಎಚ್ಚರ. ವೇಗ ಎರಡು ಪಟ್ಟಾದರೆ ಕಲ್ಲನ್ನು ಸಿಡಿಸುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ನೀರಿರುವ ಜಾಗವಾದ್ದರಿಂದ ಅರ್ಥಿಂಗ್ ಕೂಡ ಸರಿಯಿರಬೇಕು.

ಕಣ್ಣಿಗೆ ಕಾಣದ ಧೂಳು

ಪೈಪು ಹಿಡಿದು ತೇಯುವಾಗ ಆಚಾರ್ರು ಕೇಳಿದರು, ನೀರು ಹಾಕದಿದ್ದರೆ ಬೇಗ ಆಗುವುದಿಲ್ಲವೇ ಎಂದು. ಹೌದು, ಬೇಗ ಆಗುತ್ತದೆ. ಆದರೆ ಇಡೀ ಕೆಲಸದಲ್ಲಿ ಅತ್ಯಂತ ಅಪಾಯದ ಹಂತ ಅದೇ. ಮರಳುಗಲ್ಲಿನ ಒಣ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದರ ಅತಿಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಗಾಯದ ಕಲೆಯಂತೆ ಗಟ್ಟಿ ಮಾಡುತ್ತವೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಚಿಕಿತ್ಸೆ ಇಲ್ಲ. ಕ್ಷಯದ ಅಪಾಯವೂ ಹೆಚ್ಚು. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕೆಲಸದ ಜಾಗದಲ್ಲಿ ಉಸಿರಿಗೆ ಸೇರುವ ಈ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

19ನೇ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಚಾಕು, ಫೋರ್ಕುಗಳಿಗೆ ಸಾಣೆ ಹಿಡಿಯುವವರ ಈ ಕಾಯಿಲೆಗೆ 'ಸಾಣೆಯವರ ಉಬ್ಬಸ' ಎಂಬ ಹೆಸರೇ ಇತ್ತು. ಒಣ ಸಾಣೆ ಹಿಡಿಯುವವರು ಒದ್ದೆ ಸಾಣೆಯವರಿಗಿಂತ ಬೇಗ ಸಾಯುತ್ತಿದ್ದರು. ನಮ್ಮ ದೇಶದಲ್ಲೇ ಗುಜರಾತಿನ ಖಂಬಾತ್‌ನಲ್ಲಿ ಅಗೇಟ್ ಕಲ್ಲು ಉಜ್ಜುವವರನ್ನು ಸಿಲಿಕೋಸಿಸ್ ಕಾಡಿದೆ.

ಮೂಗಿಗೆ ಬೈರಾಸು ಕಟ್ಟಿದರೆ ಸಾಲದು, ಈ ಕಣಗಳು ಬಟ್ಟೆಯ ಎಳೆಗಳ ನಡುವೆ ನುಸುಳುತ್ತವೆ. ನೀರು ಹಾಕಿಯೇ ತೇಯಿರಿ, ಬಾಗಿಲು ತೆರೆದಿಡಿ, ಎನ್95 ಮುಖಗವಸು ಧರಿಸಿ. ನೆಲದಲ್ಲಿ ಬಿದ್ದ ಕೆಸರನ್ನು ಒಣಗಲು ಬಿಟ್ಟು ಗುಡಿಸಬೇಡಿ. ಹಸಿಯಾಗಿದ್ದಾಗಲೇ ಒರೆಸಿ ತೆಗೆಯಿರಿ.

ಹಾಗಾದರೆ ಯಾವುದು ಒಳ್ಳೆಯದು?

ದೊಡ್ಡ ಮುಕ್ಕು ತೆಗೆಯಲು ನೀರು ಸಾಣೆಗೆ ಸಮಯ ಹೆಚ್ಚು ಬೇಕು, ಅದು ನಿಜ. ಆದರೆ ಹದ ಉಳಿಯುತ್ತದೆ. 25-30 ಡಿಗ್ರಿ ಓರೆಯಲ್ಲಿ ಹಿಡಿದು, ನಯವಾದ ಮಸೆಗಲ್ಲಿನಲ್ಲಿ ಮುಗಿಸಿ, ಒರೆಸಿ ತೆಳ್ಳಗೆ ಎಣ್ಣೆ ಹಚ್ಚಿದರೆ ಮಳೆಗಾಲದಲ್ಲೂ ತುಕ್ಕಿನ ಚಿಂತೆ ಕಡಿಮೆ. ನಾವು ಸರಿಮಾಡಿದ ಕಲ್ಲಿನಲ್ಲಿ ಆಚಾರ್ರ ಉಳಿ ಒಂದೂ ಕಿಡಿ ಹಾರದೆ ಹರಿತವಾಯಿತು. ಬಾಯಿ ಎಲ್ಲೂ ನೀಲಿಯಾಗಲಿಲ್ಲ. ಕರೆಂಟಿನ ಗ್ರೈಂಡರ್ ಈಗ ಮೊಳೆ, ಸರಳುಗಳ ಕೆಲಸಕ್ಕಷ್ಟೇ.